ಅವಳ್ಯಾಕೆ ಶಾಲೆಗೆ ಬರಲ್ಲ? ಮಕ್ಕಳಿಗೆ ಉತ್ತರ ಹೇಳುವ ಬಗೆ

ಸಾತಾರಾದ ಶಾಲೆಯೊಂದಕ್ಕೆ ಒಬ್ಬ ಹುಡುಗ ದಿನಾ ಬೆಳಗ್ಗೆ ಮನೆಯಿಂದ ಗೋಣಿತಟ್ಟು ತರುತ್ತಿದ್ದ. ತರಗತಿಯಲ್ಲಿ ಉಳಿದವರಿಂದ ದೂರ, ಅದನ್ನು ಹಾಸಿಕೊಂಡು ಒಬ್ಬನೇ ಕೂರಬೇಕು. ಸಂಜೆ ಅದನ್ನು ವಾಪಸ್ ಮನೆಗೆ ಒಯ್ಯಬೇಕು, ಯಾಕೆಂದರೆ ಶಾಲೆ ಗುಡಿಸುವ ಆಳು ಅದನ್ನು ಮುಟ್ಟುತ್ತಿರಲಿಲ್ಲ. ಬಾಯಾರಿದರೆ ನಲ್ಲಿಗೆ ಕೈ ಹಾಕುವಂತಿಲ್ಲ, ಜವಾನ ಬಂದು ತಿರುಗಿಸಬೇಕು. ಜವಾನ ಇಲ್ಲದಿದ್ದರೆ ನೀರೂ ಇಲ್ಲ. ಆ ಹುಡುಗನೇ ಮುಂದೆ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾದ ಡಾ. ಬಿ.ಆರ್. ಅಂಬೇಡ್ಕರ್. 'ವೇಟಿಂಗ್ ಫಾರ್ ಎ ವೀಸಾ' ಎಂಬ ಕಿರುಹೊತ್ತಿಗೆಯಲ್ಲಿ ಅವರೇ ಇದನ್ನು ಬರೆದಿಟ್ಟಿದ್ದಾರೆ.

ಇಷ್ಟನ್ನು ಹತ್ತು ವರ್ಷದ ಮಕ್ಕಳ ಮುಂದೆ ಹೇಳಿ ಸುಮ್ಮನಾದರೆ ಸಾಕು, ಪ್ರಶ್ನೆಗಳು ತಾವಾಗಿಯೇ ಬರುತ್ತವೆ. ಆ ರೂಲ್ಸ್ ಮಾಡಿದ್ದು ಯಾರು? ಟೀಚರ್ ಯಾಕೆ ಸುಮ್ಮನಿದ್ದರು? ಪಕ್ಕದ ಹುಡುಗರು ನಲ್ಲಿ ತಿರುಗಿಸಿಕೊಡಬಹುದಿತ್ತಲ್ಲ? ಅಸಮಾನತೆಯನ್ನು ಮಕ್ಕಳಿಗೆ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ದಾರಿ ಸಿಗುವುದು ಕಷ್ಟ. ಈ ಮೂರೂ ಪ್ರಶ್ನೆಗಳು ಆ ಹುಡುಗನ ದುರದೃಷ್ಟದ ಬಗ್ಗೆ ಅಲ್ಲ, ಅವನ ಸುತ್ತ ಇದ್ದವರು ಮಾಡಿದ ಕಟ್ಟಳೆಯ ಬಗ್ಗೆ. ಕಟ್ಟಳೆ ಮಾಡಿದವರು ಮನುಷ್ಯರು ಎಂದು ಗೊತ್ತಾದ ಮಗುವಿಗೆ, ಅದನ್ನು ಬದಲಾಯಿಸುವವರೂ ಮನುಷ್ಯರೇ ಎಂಬುದು ಬೇಗ ಅರ್ಥವಾಗುತ್ತದೆ.

ಬಾಯಿ ಮುಚ್ಚಿಸುವ ಎರಡು ಉತ್ತರಗಳು

ಅಪಾರ್ಟ್‌ಮೆಂಟಿನ ಪಕ್ಕದಲ್ಲೇ ಕಟ್ಟಡ ಏಳುತ್ತಿರುತ್ತದೆ. ಯಾದಗಿರಿಯಿಂದಲೋ ರಾಯಚೂರಿನಿಂದಲೋ ಬಂದ ಕುಟುಂಬ ಅಲ್ಲೇ ತಗಡಿನ ಶೆಡ್ಡಿನಲ್ಲಿದೆ. ಶಾಲೆಯ ವ್ಯಾನಿಗೆ ಕಾಯುತ್ತಿರುವ ಆರು ವರ್ಷದ ಮಗು ಕೇಳುತ್ತದೆ: 'ಅಮ್ಮ, ಆ ಅಕ್ಕ ಯಾಕೆ ಸ್ಕೂಲಿಗೆ ಹೋಗಲ್ಲ? ದಿನಾ ಪಾಪು ಎತ್ತಿಕೊಂಡೇ ಇರ್ತಾಳೆ.'

ಸಾಮಾನ್ಯವಾಗಿ ಸಿಗುವ ಉತ್ತರ ಎರಡು. 'ಶ್‌, ಹಾಗೆಲ್ಲ ಕೇಳಬಾರದು' ಎನ್ನುವುದು ಒಂದು. 'ಪಾಪ ಅವರು ಬಡವರು. ನೋಡು, ನೀನೆಷ್ಟು ಪುಣ್ಯವಂತೆ, ಚೆನ್ನಾಗಿ ಓದು' ಎನ್ನುವುದು ಇನ್ನೊಂದು. ಮೊದಲ ಉತ್ತರದಿಂದ ಮಗು ಕಲಿಯುವುದು, ಇದು ಮಾತಾಡಬಾರದ ವಿಷಯ ಎಂದು. ಎರಡನೆಯದು ನೋಡಲು ಒಳ್ಳೆಯದೇ. ಆದರೆ ಶಾಲೆ ಎನ್ನುವುದು ಅದೃಷ್ಟವಿದ್ದವರಿಗೆ ಸಿಗುವ ಸವಲತ್ತು ಎಂಬ ಭಾವನೆ ಅದರಿಂದ ಮನಸ್ಸಿನಲ್ಲಿ ಕೂತುಬಿಡುತ್ತದೆ. ತನಗೂ ಆ ಅಕ್ಕನಿಗೂ ಶಾಲೆಯ ಮೇಲೆ ಒಂದೇ ಹಕ್ಕಿದೆ ಎಂಬ ಮುಖ್ಯ ಸಂಗತಿ ಮಗುವಿನ ಕಿವಿಗೆ ಬೀಳುವುದೇ ಇಲ್ಲ.

ನೇರವಾದ ಉತ್ತರ ಹೀಗಿರಬಹುದು: 'ಅವಳೂ ಶಾಲೆಗೆ ಹೋಗಬೇಕು. ಹಾಗಂತ ಕಾನೂನೇ ಇದೆ. ಅವಳ ಅಪ್ಪ ಅಮ್ಮ ಕೆಲಸಕ್ಕೆ ಊರೂರು ಸುತ್ತಬೇಕು, ಪಾಪು ನೋಡಿಕೊಳ್ಳೋರು ಇಲ್ಲ, ಅದಕ್ಕೆ ಬಿಟ್ಟುಹೋಗಿದೆ. ಹತ್ತಿರದ ಶಾಲೆಯ ಮೇಷ್ಟ್ರಿಗೆ ಹೇಳೋಣ ಬಾ.' ಆರು ವರ್ಷದ ಮಗುವಿಗೆ ಇಷ್ಟು ಸಾಕು. ಇದರಲ್ಲಿ ಕಾರಣ ಇದೆ, ಹಕ್ಕು ಇದೆ, ಮಾಡಬೇಕಾದ ಕೆಲಸವೂ ಇದೆ.

ಐದರಿಂದ ಏಳು: ಆಟದಲ್ಲಿ ನ್ಯಾಯ

ಈ ವಯಸ್ಸಿನಲ್ಲಿ 'ಅವನಿಗೆ ಜಾಸ್ತಿ, ನನಗೆ ಕಡಿಮೆ' ಎಂಬ ಲೆಕ್ಕ ತುಂಬಾ ಚುರುಕು. ಅದನ್ನೇ ಪಾಠ ಮಾಡಿಕೊಳ್ಳಬಹುದು. ನಾಲ್ಕು ಮಕ್ಕಳಿಗೆ ಚಿತ್ರ ಬರೆಯುವ ಸ್ಪರ್ಧೆ ಇಡಿ. ಒಬ್ಬರಿಗೆ ಹನ್ನೆರಡು ಬಣ್ಣದ ಕ್ರೆಯಾನ್ ಡಬ್ಬಿ, ಇನ್ನೊಬ್ಬರಿಗೆ ಮೊಂಡು ಪೆನ್ಸಿಲ್. ಮೂರನೆಯವರು ಚಿತ್ರ ಬರೆಯುವ ನಡುವೆಯೇ ಐದು ಸಲ ಎದ್ದುಹೋಗಿ ಬಿಂದಿಗೆಗೆ ನೀರು ತುಂಬಬೇಕು. ನಾಲ್ಕನೆಯವರು ತೊಡೆಯ ಮೇಲೆ ಗೊಂಬೆ ಮಲಗಿಸಿಕೊಂಡು, ಅದು ಬೀಳದಂತೆ ನೋಡಿಕೊಂಡೇ ಬರೆಯಬೇಕು. ಸಮಯ ಎಲ್ಲರಿಗೂ ಹತ್ತೇ ನಿಮಿಷ.

ಆಟ ಮುಗಿದ ಮೇಲೆ ಗೆದ್ದವರು ಯಾರು ಎಂದು ಹೇಳಲೇಬೇಡಿ. 'ಇದು ಸರಿಯಾದ ಸ್ಪರ್ಧೆಯಾ? ಯಾವ ರೂಲ್ಸ್ ಬದಲಾಯಿಸಬೇಕು?' ಎಂದು ಕೇಳಿ. 'ಎಲ್ಲರಿಗೂ ಕ್ರೆಯಾನ್ ಕೊಡಿ' ಎಂದು ಒಬ್ಬರು ಹೇಳುತ್ತಾರೆ. 'ಅವಳಿಗೆ ಕ್ರೆಯಾನ್ ಕೊಟ್ಟರೂ ಗೊಂಬೆ ಹಿಡಿದುಕೊಂಡೇ ಇರಬೇಕಲ್ಲ' ಎಂದು ಇನ್ನೊಬ್ಬರು ತಗಾದೆ ತೆಗೆಯುತ್ತಾರೆ. ಎಲ್ಲರಿಗೂ ಒಂದೇ ವಸ್ತು ಕೊಟ್ಟರೆ ಸಮಾನತೆ ಬರುವುದಿಲ್ಲ, ಯಾರಿಗೆ ಏನು ಅಡ್ಡಿ ಇದೆಯೋ ಅದನ್ನು ತೆಗೆಯಬೇಕು ಎಂಬುದನ್ನು ಮಕ್ಕಳೇ ಕಂಡುಕೊಂಡಂತಾಯಿತು. ಶಾಲೆಯಲ್ಲಿ ಗಾಲಿಕುರ್ಚಿಗೆ ಇಳಿಜಾರು ಏಕೆ, ಕೆಲವರಿಗೆ ಮಾತ್ರ ಕನ್ನಡಕ ಏಕೆ, ಹೆಣ್ಣುಮಕ್ಕಳಿಗೆ ಸೈಕಲ್ ಕೊಟ್ಟಿದ್ದು ಏಕೆ ಎಂಬುದಕ್ಕೆಲ್ಲ ಮುಂದೆ ಇದೇ ಆಟವನ್ನು ನೆನಪಿಸಬಹುದು.

ಎಂಟರಿಂದ ಹತ್ತು: ನಡೆದದ್ದನ್ನು ಹೇಳಿ

ಕಥೆ ಕೇಳುವ ವಯಸ್ಸು ಇದು, ಅದೂ ನಿಜವಾಗಿ ನಡೆದದ್ದು ಎಂದರೆ ಕಣ್ಣರಳಿಸಿ ಕೂರುತ್ತಾರೆ.

1848ರಲ್ಲಿ ಪುಣೆಯ ಭಿಡೆ ವಾಡೆಯಲ್ಲಿ ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದರು. ಸಾವಿತ್ರಿಬಾಯಿಗೆ ಆಗ ಹದಿನೇಳು ವರ್ಷ, ಇಂದಿನ ಪಿಯುಸಿ ಹುಡುಗಿಯ ವಯಸ್ಸು. ದಾರಿಯಲ್ಲಿ ಜನ ಸಗಣಿ, ಕೆಸರು ಎರಚುತ್ತಿದ್ದರು. ಅವರು ಚೀಲದಲ್ಲಿ ಇನ್ನೊಂದು ಸೀರೆ ಇಟ್ಟುಕೊಂಡು ಹೋಗಿ, ಶಾಲೆ ತಲುಪಿದ ಮೇಲೆ ಬದಲಾಯಿಸಿ ಪಾಠ ಶುರುಮಾಡುತ್ತಿದ್ದರಂತೆ. ಮಕ್ಕಳ ಮನಸ್ಸಿನಲ್ಲಿ ಆ ಎರಡನೇ ಸೀರೆ ಉಳಿಯುತ್ತದೆ. ಅವರ ಜೊತೆ ಕೆಲಸ ಮಾಡಿದ ಫಾತಿಮಾ ಶೇಖ್ ಹೆಸರನ್ನೂ ಬಿಡದೆ ಹೇಳಿ.

ಕರ್ನಾಟಕದಲ್ಲೂ ಇಂಥವರಿದ್ದರು. ಮಂಗಳೂರಿನ ವಕೀಲ ಕುದ್ಮುಲ್ ರಂಗರಾವ್ (1859-1928) ದಲಿತ ಮಕ್ಕಳಿಗಾಗಿ ಶಾಲೆಗಳನ್ನು ತೆರೆದರು. ಅದಕ್ಕೆ ಸ್ವಂತ ಸಮಾಜದವರಿಂದಲೇ ಬಹಿಷ್ಕಾರ ಎದುರಿಸಿದರು. ತಾವು ಓದಿಸಿದ ಸಮುದಾಯದ ಮಗುವೊಂದು ದೊಡ್ಡ ಹುದ್ದೆಗೇರಿ ಕಾರಿನಲ್ಲಿ ಹೋಗುವಾಗ ಆ ಕಾರಿನ ಧೂಳು ತಮ್ಮ ತಲೆಗೆ ತಾಗಿದರೆ ಜನ್ಮ ಸಾರ್ಥಕ ಎಂದು ಅವರು ಹೇಳುತ್ತಿದ್ದರೆಂದು ಕರಾವಳಿಯ ಜನ ಇಂದಿಗೂ ನೆನೆಯುತ್ತಾರೆ. ಮಂಗಳೂರಿನ ಪುರಭವನಕ್ಕೆ ಅವರದೇ ಹೆಸರಿದೆ. ಆ ಕಡೆ ಹೋದಾಗ ಮಕ್ಕಳಿಗೆ ಫಲಕ ತೋರಿಸಬಹುದು.

ಸುಮ್ಮನಿದ್ದ ಮೇಷ್ಟರ ಬಗ್ಗೆ ಕೇಳಿದ ಮಗುವಿಗೆ, ಸುಮ್ಮನಿರದ ಟೀಚರ್ ಒಬ್ಬರ ಕಥೆಯನ್ನೂ ಹೇಳಬೇಕು. 1960ರ ನವೆಂಬರ್ 14ರಂದು ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ರೂಬಿ ಬ್ರಿಜಸ್ ಎಂಬ ಆರು ವರ್ಷದ ಕಪ್ಪು ಹುಡುಗಿ ಅದುವರೆಗೆ ಬಿಳಿಯರಿಗಷ್ಟೇ ಇದ್ದ ಶಾಲೆಗೆ ಕಾಲಿಟ್ಟಳು. ಅಕ್ಕಪಕ್ಕ ಸರ್ಕಾರದ ಕಾವಲಿನವರು, ಎದುರಿಗೆ ಕೂಗಾಡುವ ಗುಂಪು. ಬಿಳಿ ಪೋಷಕರು ತಮ್ಮ ಮಕ್ಕಳನ್ನು ಶಾಲೆ ಬಿಡಿಸಿದರು. ಬಾರ್ಬರಾ ಹೆನ್ರಿ ಎಂಬ ಶಿಕ್ಷಕಿ ಆ ವರ್ಷವಿಡೀ ರೂಬಿ ಒಬ್ಬಳನ್ನೇ ಕೂರಿಸಿಕೊಂಡು ಪಾಠ ಮಾಡಿದರು.

ಇಂಥ ಕಥೆ ಹೇಳುವಾಗ ಒಂದು ಎಚ್ಚರ ಇರಲಿ. ಕಷ್ಟಪಟ್ಟವರು ಮುಂದೆ ದೊಡ್ಡವರಾದರು ಎಂಬಲ್ಲಿಗೆ ಮುಗಿಸಿದರೆ, ಪ್ರತಿಭೆ ಇದ್ದರೆ ಯಾರು ಬೇಕಾದರೂ ಮೇಲೆ ಬರಬಹುದು ಎಂಬ ಅರ್ಥ ಉಳಿಯುತ್ತದೆ. ಅದೇ ಗೋಣಿತಟ್ಟಿನ ಮೇಲೆ ಕೂತು, ಅರ್ಧಕ್ಕೆ ಶಾಲೆ ಬಿಟ್ಟು, ಹೆಸರು ಉಳಿಯದೆ ಹೋದ ಮಕ್ಕಳೂ ಇದ್ದರು. ಅವರ ಬಗ್ಗೆಯೂ ಒಂದು ಮಾತು ಹೇಳಿ. ಶಾಲೆಯ ಹಕ್ಕು ಜಾಣರಿಗೆ ಮಾತ್ರ ಮೀಸಲಲ್ಲ.

ಹನ್ನೊಂದರ ಮೇಲೆ: ಕಾನೂನನ್ನೇ ಕೈಗೆ ಕೊಡಿ

ಐದಾರನೇ ತರಗತಿ ದಾಟಿದವರಿಗೆ ಇಸವಿಗಳ ಸಾಲು ಹಿಡಿಸುತ್ತದೆ. ಗೋಡೆಗೆ ಉದ್ದನೆಯ ಕಾಗದ ಅಂಟಿಸಿ, ಇಸವಿಗಳನ್ನು ಮಕ್ಕಳೇ ಬರೆಯಲಿ.

1911ರಲ್ಲಿ ಗೋಪಾಲಕೃಷ್ಣ ಗೋಖಲೆ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆ ಮಂಡಿಸಿದರು, ಮರುವರ್ಷ ಅದು ಬಿದ್ದುಹೋಯಿತು. 1913ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಮೈಸೂರು ಸಂಸ್ಥಾನ ಕಡ್ಡಾಯ ಪ್ರಾಥಮಿಕ ಶಿಕ್ಷಣಕ್ಕೆ ಕಾಯ್ದೆ ತಂದಿತು. 1917ರಲ್ಲಿ ಕೊಲ್ಹಾಪುರದ ಶಾಹು ಮಹಾರಾಜರು ತಮ್ಮ ಸಂಸ್ಥಾನದಲ್ಲಿ ಅದನ್ನೇ ಮಾಡಿದರು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 45ನೇ ವಿಧಿ, ಹತ್ತು ವರ್ಷದೊಳಗೆ ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣ ಕೊಡಲು ಸರ್ಕಾರ ಶ್ರಮಿಸಬೇಕು ಎಂದಿತು. ಅಂದರೆ ಗಡುವು 1960.

ಮುಂದಿನ ಇಸವಿ ಕರ್ನಾಟಕಕ್ಕೆ ಸೇರಿದ್ದು. ಉತ್ತರಪ್ರದೇಶದ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿಗೆ ಇಲ್ಲಿನ ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ವರ್ಷಕ್ಕೆ 60,000 ರೂಪಾಯಿ ಶುಲ್ಕ ಕೇಳಲಾಯಿತು. ಸರ್ಕಾರಿ ಸೀಟಿಗೆ ಆಗ ಇದ್ದದ್ದು 2,000 ರೂಪಾಯಿ. ಆಕೆ ಸುಪ್ರೀಂ ಕೋರ್ಟಿಗೆ ಹೋದರು. ಬದುಕುವ ಹಕ್ಕಿನಲ್ಲೇ ಶಿಕ್ಷಣದ ಹಕ್ಕೂ ಅಡಗಿದೆ ಎಂದು 1992ರಲ್ಲಿ ತೀರ್ಪು ಬಂತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಅದೇ ಕೋರ್ಟು, ಹದಿನಾಲ್ಕು ವರ್ಷದವರೆಗಿನ ಶಿಕ್ಷಣ ಮೂಲಭೂತ ಹಕ್ಕು ಎಂದು ಸ್ಪಷ್ಟಪಡಿಸಿತು. 2002ರ 86ನೇ ತಿದ್ದುಪಡಿ ಈ ಹಕ್ಕನ್ನೇ 21-ಎ ವಿಧಿಯಾಗಿ ಸಂವಿಧಾನಕ್ಕೆ ಸೇರಿಸಿತು. 2009ರಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಬಂತು, 2010ರ ಏಪ್ರಿಲ್ 1ರಿಂದ ಜಾರಿಯಾಯಿತು. 1960ರ ಗಡುವಿಗೂ ಇದಕ್ಕೂ ಎಷ್ಟು ವರ್ಷದ ಅಂತರ, ಅಷ್ಟರಲ್ಲಿ ಮನೆಯ ಅಜ್ಜಿ, ತಾತ, ಅಮ್ಮ ಎಷ್ಟನೇ ತರಗತಿಗೆ ಶಾಲೆ ಬಿಟ್ಟರು ಎಂದು ವಿಚಾರಿಸಿಕೊಂಡು ಬರಲು ಹೇಳಿ. ಅವರ ಹೆಸರುಗಳೂ ಅದೇ ಕಾಗದದ ಮೇಲೆ ಬರಲಿ.

ಇನ್ನು ಕಾಯ್ದೆಯಲ್ಲಿ ಏನಿದೆ? ನಮ್ಮಲ್ಲಿ 'ಆರ್‌ಟಿಇ' ಎಂದರೆ ಖಾಸಗಿ ಶಾಲೆಯ ಸೀಟು ಎಂದೇ ಬಹಳ ಜನ ತಿಳಿದಿದ್ದಾರೆ. ಖಾಸಗಿ ಶಾಲೆಗಳ ಶೇ 25 ಸೀಟು ಹಿಂದುಳಿದ, ದುರ್ಬಲ ವರ್ಗದ ಮಕ್ಕಳಿಗೆ ಎಂಬುದು ಅದರ ಒಂದು ಕಲಂ ಮಾತ್ರ. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಸೀಟು ಸಿಗದಂತೆ ಕರ್ನಾಟಕ 2019ರಲ್ಲಿ ನಿಯಮ ಬದಲಿಸಿತು. ಕಾಯ್ದೆಯ ಉಳಿದ ಭಾಗ ಮಕ್ಕಳಿಗೆ ಇನ್ನೂ ಹೆಚ್ಚು ಉಪಯೋಗದ್ದು:

* ಆರರಿಂದ ಹದಿನಾಲ್ಕು ವರ್ಷದ ಎಲ್ಲರಿಗೂ ಎಂಟನೇ ತರಗತಿವರೆಗೆ ಉಚಿತ ಶಿಕ್ಷಣ.
* ಒಂದರಿಂದ ಐದನೇ ತರಗತಿಗೆ ಒಂದು ಕಿಲೋಮೀಟರ್, ಆರರಿಂದ ಎಂಟಕ್ಕೆ ಮೂರು ಕಿಲೋಮೀಟರ್ ಒಳಗೆ ಶಾಲೆ.
* ಕಿರಿಯ ತರಗತಿಗಳಲ್ಲಿ 30 ಮಕ್ಕಳಿಗೆ, ಹಿರಿಯ ತರಗತಿಗಳಲ್ಲಿ 35 ಮಕ್ಕಳಿಗೆ ಒಬ್ಬ ಶಿಕ್ಷಕರು.
* ಗಂಡು, ಹೆಣ್ಣು ಮಕ್ಕಳಿಗೆ ಬೇರೆಬೇರೆ ಶೌಚಾಲಯ, ಕುಡಿಯುವ ನೀರು, ಗ್ರಂಥಾಲಯ, ಆಟದ ಬಯಲು, ಅಡೆತಡೆಯಿಲ್ಲದ ಪ್ರವೇಶದಾರಿ.
* ಜನನ ಪತ್ರವಿಲ್ಲ, ಟಿಸಿ ಬಂದಿಲ್ಲ ಎಂದು ದಾಖಲಾತಿ ನಿರಾಕರಿಸುವಂತಿಲ್ಲ. ನಡುವೆ ಶಾಲೆ ಬಿಟ್ಟವರನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು.
* ಹೊಡೆಯುವುದು, ಮನಸ್ಸಿಗೆ ನೋವಾಗುವಂತೆ ಹಂಗಿಸುವುದು ಎರಡೂ ನಿಷಿದ್ಧ.

ಈ ಪಟ್ಟಿ ಕೊಟ್ಟು ತಮ್ಮ ಶಾಲೆಯನ್ನು ತಾವೇ ಅಳೆದು ನೋಡಲು ಹೇಳಿ. ಮಕ್ಕಳ ಕಣ್ಣು ದೊಡ್ಡವರ ಕಣ್ಣಿಗೆ ಬೀಳದ್ದನ್ನು ಹಿಡಿಯುತ್ತದೆ. ದಾಖಲೆಯಲ್ಲಿ 'ಹೆಣ್ಣುಮಕ್ಕಳ ಶೌಚಾಲಯ: ಇದೆ' ಎಂದಿರುತ್ತದೆ. ಹುಡುಗಿಯರು ಮಾತ್ರ ಒಳಗೆ ಚಿಲಕ ಇದೆಯಾ, ಬಕೆಟ್ಟಿನಲ್ಲಿ ನೀರು ಇದೆಯಾ, ಮಧ್ಯಾಹ್ನದ ಮೇಲೆ ಬೀಗ ಹಾಕುತ್ತಾರಾ ಎಂದು ಬರೆದುಕೊಂಡು ಬರುತ್ತಾರೆ. ನೀರಿಲ್ಲದ ಶೌಚಾಲಯಕ್ಕೆ ಹೆದರಿ ಬೆಳಗ್ಗೆಯಿಂದ ನೀರೇ ಕುಡಿಯದ ಹುಡುಗಿ ಕೊನೆಯ ಪೀರಿಯಡ್ಡಿನಲ್ಲಿ ತಲೆನೋವೆಂದು ಮಲಗುತ್ತಾಳೆ. ಅಸಮಾನತೆ ಎಷ್ಟು ಸಣ್ಣ ಜಾಗದಲ್ಲಿ ಕೆಲಸ ಮಾಡುತ್ತದೆ ಎಂಬುದು ಆ ಚಿಲಕದಲ್ಲಿ, ಆ ಬಕೆಟ್ಟಿನಲ್ಲಿ ಕಾಣುತ್ತದೆ.

ಹಾಜರಿ ಪುಸ್ತಕದಲ್ಲಿ ಇಲ್ಲದವರು

ಶಾಲೆಯಲ್ಲಿ ಯಾರಿದ್ದಾರೆ ಎಂಬುದರ ಜೊತೆಗೆ ಯಾರಿಲ್ಲ ಎಂದು ನೋಡುವುದನ್ನೂ ಕಲಿಸಬೇಕು. ಕಬ್ಬು ಕಡಿಯಲು ಊರು ಬಿಟ್ಟು ಹೋಗುವ ತಾಂಡಾಗಳ ಮಕ್ಕಳು, ಕುರಿ ಮಂದೆಯ ಜೊತೆ ತಿರುಗುವವರು, ಏಳನೇ ತರಗತಿ ಮುಗಿದ ಮೇಲೆ ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿದ ಹುಡುಗಿ, ಮೆಟ್ಟಿಲು ಹತ್ತಲಾಗದ ಹುಡುಗ. ಈ ಹುಡುಗನಿಗೆ ಇನ್ನೊಂದು ಕಾನೂನಿನ ಬಲವೂ ಇದೆ. ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವ ಮಕ್ಕಳಿಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹದಿನೆಂಟು ವರ್ಷದವರೆಗೆ ಉಚಿತ ಶಿಕ್ಷಣ ಕೊಡುತ್ತದೆ.

ಮಕ್ಕಳನ್ನು ಶಾಲೆಗೆ ಕರೆತಂದ ಕೆಲಸಗಳನ್ನೂ ಹೇಳಿ. 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಶುರುವಾದ ಬಿಸಿಯೂಟದ ಯೋಜನೆ ಅಕ್ಷರ ದಾಸೋಹ ಆಮೇಲೆ ಇಡೀ ರಾಜ್ಯಕ್ಕೆ ಬಂತು. ಹಸಿವಿಗೆ ಊಟ ಸಿಕ್ಕಿತು. ಎಲ್ಲ ಜಾತಿಯ ಮಕ್ಕಳು ಒಂದೇ ಸಾಲಿನಲ್ಲಿ ಕೂತು, ಒಂದೇ ಪಾತ್ರೆಯಿಂದ ಬಡಿಸಿದ್ದನ್ನು ತಿನ್ನುವ ರೂಢಿಯೂ ಬೆಳೆಯಿತು. ಎಂಟನೇ ತರಗತಿಯ ಹುಡುಗಿಯರಿಗೆ 2006-07ರಲ್ಲಿ ಸೈಕಲ್ ಬಂದಾಗ, ಪಕ್ಕದೂರಿನ ಹೈಸ್ಕೂಲು ದೂರ ಎಂಬ ನೆಪ ಸಡಿಲವಾಯಿತು.

ಮುಜುಗರದ ಪ್ರಶ್ನೆಗಳು ಬಂದಾಗ

'ಅವರು ಸೋಮಾರಿಗಳಾ, ಅದಕ್ಕೇ ಬಡವರಾ?' ಎಂದು ಮಗು ಕೇಳಬಹುದು. ಕಟ್ಟಡದ ಕೆಲಸದವರು ಬೆಳಗ್ಗೆ ಎಷ್ಟಕ್ಕೆ ಶುರುಮಾಡುತ್ತಾರೆ, ಎಷ್ಟಕ್ಕೆ ಮುಗಿಸುತ್ತಾರೆ ಎಂದು ಮಗುವೇ ಒಂದು ದಿನ ಗಮನಿಸಲಿ. ಆಮೇಲೆ ಕೂಲಿ, ಜಮೀನು, ಸಾಲ, ಓದು ಇವೆಲ್ಲದರ ಬಗ್ಗೆ ಮಾತು ಮುಂದುವರಿಸುವುದು ಸುಲಭ.

'ಮೀಸಲಾತಿ ಯಾಕೆ ಬೇಕು?' ಎಂಬುದು ಹೈಸ್ಕೂಲಿನ ಹೊತ್ತಿಗೆ ಬಂದೇ ಬರುತ್ತದೆ. ಗೋಣಿತಟ್ಟಿನ ಹುಡುಗನ ತರಗತಿಯಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಕೊಟ್ಟರೆ ಅದು ನ್ಯಾಯವೇ ಎಂದು ಕೇಳಿ ಮಾತು ಆರಂಭಿಸಬಹುದು. ಮೀಸಲಾತಿ ಸ್ವಾತಂತ್ರ್ಯದ ನಂತರ ಬಂದದ್ದು ಎಂದು ತಿಳಿದವರಿಗೆ, 1918ರಲ್ಲೇ ಮೈಸೂರಿನಲ್ಲಿ ಲೆಸ್ಲಿ ಮಿಲ್ಲರ್ ನೇತೃತ್ವದ ಸಮಿತಿ ಸರ್ಕಾರಿ ಕೆಲಸಗಳಲ್ಲಿ ಹಿಂದುಳಿದವರ ಪಾಲನ್ನು ಪರಿಶೀಲಿಸಿದ ಚರಿತ್ರೆ ಹೇಳಿ.

'ನಮ್ಮ ಜಾತಿ ಯಾವುದು?' ಎಂದರೆ ಮರೆಮಾಚಬೇಡಿ. ಹೆಸರು ಹೇಳಿ, ಅದರಿಂದ ಮನೆಯವರಿಗೆ ಸಿಕ್ಕ ಅನುಕೂಲವನ್ನೋ ಆದ ಅವಮಾನವನ್ನೋ ಪ್ರಾಮಾಣಿಕವಾಗಿ ತಿಳಿಸಿ. ಯಾರೂ ಹುಟ್ಟಿನಿಂದ ಮೇಲಲ್ಲ, ಕೀಳಲ್ಲ ಎಂಬುದು ಆ ಮಾತಿನ ಜೊತೆಗೇ ಬರಲಿ.

ಮನೆಯ ನಡವಳಿಕೆ ಈ ಎಲ್ಲ ಪಾಠವನ್ನೂ ಒಂದೇ ಏಟಿಗೆ ಅಳಿಸಿಹಾಕಬಲ್ಲದು. ಮನೆಕೆಲಸಕ್ಕೆ ಬರುವ ಅಮ್ಮನಿಗೆ ಕಾಫಿ ಕೊಡುವ ಲೋಟ ಬೇರೆ ಇದ್ದರೆ, ಅದು ಸಿಂಕಿನ ಹೊರಗೆ ಕಿಟಕಿಯ ಮೇಲೆ ಒಂಟಿಯಾಗಿ ಕೂತಿರುವುದನ್ನು ಮಗು ದಿನಾ ನೋಡುತ್ತದೆ. ಆ ಲೋಟವನ್ನು ಉಳಿದವುಗಳ ಜೊತೆ ಸೇರಿಸಿ. ಆಕೆಯ ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ, ಜೂನ್ ತಿಂಗಳಲ್ಲಿ ದಾಖಲಾತಿಗೆ ಅರ್ಧ ದಿನ ರಜೆ ಬೇಕೇ ಎಂದು ವಿಚಾರಿಸಿ.

ಶಿಕ್ಷಕರಿಗೆ ಒಂದಿಷ್ಟು ಎಚ್ಚರ

ಸರ್ಕಾರಿ ಶಾಲೆಯಲ್ಲಿ ಅಸಮಾನತೆಯ ಪಾಠ ಕೇಳುವ ಮಕ್ಕಳಲ್ಲಿ ಎಷ್ಟೋ ಜನ ಅದನ್ನು ಅನುಭವಿಸುತ್ತಿರುವವರೇ. ಅವರನ್ನು ಉದಾಹರಣೆಯಾಗಿ ಎದ್ದು ನಿಲ್ಲಿಸಬಾರದು. ವಿದ್ಯಾರ್ಥಿವೇತನದ ಅರ್ಜಿ ಬಂದಾಗ 'ಎಸ್‌ಸಿ, ಎಸ್‌ಟಿ ಮಕ್ಕಳು ಎದ್ದು ನಿಲ್ಲಿ' ಎಂದು ತರಗತಿಯಲ್ಲಿ ಕೂಗುವ ಅಭ್ಯಾಸ ಇದ್ದರೆ ಅದನ್ನು ಇಂದೇ ನಿಲ್ಲಿಸಬೇಕು. ಪೋಷಕರ ಸಭೆಯಲ್ಲಿ ಅರ್ಜಿ ಕೊಡಬಹುದು, ಇಲ್ಲವೇ ಒಬ್ಬೊಬ್ಬರನ್ನೇ ಆಫೀಸಿಗೆ ಕರೆದು ಹೇಳಬಹುದು. ಸಮವಸ್ತ್ರ, ಬ್ಯಾಗು ಹಂಚುವಾಗ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ದಾನಿಗಳ ಜೊತೆ ಫೋಟೊ ತೆಗೆಯುವುದೂ ಬೇಡ. ಕಸ ಗುಡಿಸುವುದು, ಶೌಚಾಲಯ ತೊಳೆಯುವುದು ಒಂದೇ ಗುಂಪಿನ ಮಕ್ಕಳ ಪಾಲಿಗೆ ಬೀಳುತ್ತಿದೆಯೇ ಎಂದು ಮುಖ್ಯ ಶಿಕ್ಷಕರು ನಿಗಾ ಇಡಬೇಕು.

ಖಾಸಗಿ ಶಾಲೆಗಳು ಮಕ್ಕಳನ್ನು ಕೊಳೆಗೇರಿಗೋ ಅನಾಥಾಶ್ರಮಕ್ಕೋ ಕರೆದೊಯ್ದು ಬಿಸ್ಕತ್ತು ಹಂಚಿಸುವ ಬದಲು, ಪಕ್ಕದ ಸರ್ಕಾರಿ ಶಾಲೆಯ ಜೊತೆ ಕಬಡ್ಡಿ ಪಂದ್ಯ, ನಾಟಕ, ವಿಜ್ಞಾನ ಮೇಳ ನಡೆಸಬಹುದು. ಅಲ್ಲಿ ಇಬ್ಬರೂ ಸಮಾನರಾಗಿ ಎದುರುಬದುರು ನಿಲ್ಲುತ್ತಾರೆ.

ಕೇಳುವ ಜಾಗಗಳು

ಹಕ್ಕು ಎಂದು ಹೇಳಿಕೊಟ್ಟ ಮೇಲೆ ಅದನ್ನು ಎಲ್ಲಿ ಕೇಳಬೇಕು ಎಂದೂ ತಿಳಿಸಬೇಕು. ಕರ್ನಾಟಕದಲ್ಲಿ ಅದಕ್ಕೆ ಒಳ್ಳೆಯ ವ್ಯವಸ್ಥೆ ಇದೆ. ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು. ಅಲ್ಲಿ ಮಕ್ಕಳು ಅಧ್ಯಕ್ಷರಿಗೆ, ಪಿಡಿಒಗೆ ನೇರವಾಗಿ ಪ್ರಶ್ನೆ ಹಾಕಬಹುದು. ಬಸ್ಸಿನ ಸಮಯ, ಶಾಲೆಯ ಕಾಂಪೌಂಡು, ಬೀದಿದೀಪ, ಕುಡಿಯುವ ನೀರು ಇವೆಲ್ಲ ಅಲ್ಲಿ ಕೇಳಬೇಕಾದ ವಿಷಯಗಳೇ. ಶಾಲೆಯಲ್ಲಿ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ. ಶಾಲಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರಾಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎನ್ನುತ್ತದೆ ಶಿಕ್ಷಣ ಹಕ್ಕು ಕಾಯ್ದೆ. ಶಾಲೆ ಬಿಟ್ಟ ಮಗು ಕಂಡರೆ ಹತ್ತಿರದ ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕರಿಗೆ, ಸಿಆರ್‌ಪಿಗೆ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗೆ) ಅಥವಾ ಬಿಇಒ ಕಚೇರಿಗೆ ತಿಳಿಸಬಹುದು. ಮಗು ಕೆಲಸಕ್ಕಿದ್ದರೆ, ಮದುವೆ ಮಾಡುವ ಸುಳಿವಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು, ಕರೆ ಉಚಿತ. ಶಾಲೆಯೇ ಹಕ್ಕನ್ನು ನಿರಾಕರಿಸಿದರೆ ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ದೂರು ಕೊಡಲು ಅವಕಾಶವಿದೆ.

ಶಾಲೆಯ ಅಳತೆ ಮುಗಿಸಿದ ಮಕ್ಕಳಿಂದಲೇ ಮನವಿ ಬರೆಸಿ. ಅದು ಚಿಕ್ಕದಾಗಿರಲಿ: ಯಾವ ಶಾಲೆ, ಏನು ಕೊರತೆ, ಎಷ್ಟು ಮಕ್ಕಳಿಗೆ ತೊಂದರೆ, ಯಾವ ದಿನಾಂಕದೊಳಗೆ ಸರಿಯಾಗಬೇಕು. 'ದಯವಿಟ್ಟು ಸಹಾಯ ಮಾಡಿ' ಎಂದು ಬೇಡುವ ಬದಲು 'ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಇದು ನಮ್ಮ ಶಾಲೆಯಲ್ಲಿ ಇರಬೇಕು' ಎಂದು ಬರೆಯಲಿ. ಎರಡು ಪ್ರತಿ ಮಾಡಿ ಒಂದನ್ನು ಪಂಚಾಯಿತಿಗೆ ಕೊಟ್ಟು, ಇನ್ನೊಂದರ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಬೇಕು. ಆ ಪ್ರತಿಯನ್ನು ತರಗತಿಯ ಫೈಲಿನಲ್ಲಿ ಇಟ್ಟು, ಮುಂದಿನ ವರ್ಷದ ಮಕ್ಕಳ ಗ್ರಾಮಸಭೆಗೆ ತೆಗೆದುಕೊಂಡು ಹೋಗಿ, ಏನಾಯಿತು ಎಂದು ಮೊದಲು ಅದನ್ನೇ ಕೇಳಲಿ.